ಮಂಚಕ್ಕೆ ತಲೆಹಲಗೆ ಮತ್ತು ಕಾಲುಹಲಗೆ: ಮನೆಯಲ್ಲಿ ಮಾಡಿಕೊಳ್ಳಬಹುದಾದ ಒಂದು ಕೈಕೆಲಸ

ಶೂನೇಮೆಂಬ ಊರಿನಲ್ಲಿದ್ದ ಒಬ್ಬ ಸ್ತ್ರೀಯ ಕಥೆಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಸತ್ಯವೇದದ ಪಾಠದಲ್ಲಿ ಓದಿರುವರು. ಆಕೆಯು ತಮ್ಮೂರ ದಾರಿಯಲ್ಲಿ ಹೋಗಿಬರುತ್ತಿದ್ದ ಎಲೀಷನೆಂಬ ಪ್ರವಾದಿಗಾಗಿ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆಯನ್ನು ಸಿದ್ಧಪಡಿಸಿ, ಅದರಲ್ಲಿ ಮಂಚ, ಮೇಜು, ಪೀಠ, ದೀಪಸ್ತಂಭ ಎಂಬ ನಾಲ್ಕು ಸಾಮಾನುಗಳನ್ನು ಇಡಬೇಕೆಂದು ತನ್ನ ಗಂಡನೊಡನೆ ಆಲೋಚಿಸಿದಳು. ಅಲಂಕಾರದ ವಸ್ತು ಒಂದೂ ಇಲ್ಲ. ದಣಿದು ಬಂದವನಿಗೆ ಏನು ಬೇಕೆಂಬುದನ್ನು ಅರಿತು ಆಕೆ ಮೊದಲು ನೆನೆದದ್ದು ಮಂಚವನ್ನೇ. ಮನೆಯ ಸಾಮಾನನ್ನು ನೋಡತಕ್ಕ ದೃಷ್ಟಿ ಯಾವುದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಾಗಿಲ್ಲ.

ಈ ಪಾಠವನ್ನು ಬರೆಯಲು ಕಾರಣವೊಂದುಂಟು. ಹಲಸೂರಿನಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಬೇಸಗೆಯ ರಜೆಯಲ್ಲಿ ನಮ್ಮ ಬಳಿಗೆ ಬಂದು, "ಮಿಸ್, ಅಮ್ಮನಿಗೆ ಹಾಸಿಗೆಯಿಂದ ಏಳುವುದು ಬಹಳ ಕಷ್ಟವಾಗಿದೆ. ಎದ್ದು ಕೂತರೆ ಒರಗುವುದಕ್ಕೆ ಏನೂ ಇಲ್ಲ, ಇಳಿಯುವಾಗ ಹಿಡಿದುಕೊಳ್ಳುವುದಕ್ಕೂ ಏನೂ ಇಲ್ಲ. ಸಾಲಮಾಡಿ ಹೊಸ ಮಂಚ ತೆಗೆದುಕೊಳ್ಳಲೇ?" ಎಂದು ಕೇಳಿದಳು. ನಾವು ಆಕೆಯ ಮನೆಗೆ ಹೋಗಿ ಮಂಚವನ್ನು ಪರೀಕ್ಷಿಸಿದೆವು. ಪಕ್ಕದ ಎರಡು ಪಟ್ಟಿಗಳೂ ಹಾಸಿಗೆಯನ್ನು ಹೊರುವ ಅಡ್ಡಹಲಗೆಗಳೂ ಗಟ್ಟಿಯಾಗಿದ್ದವು. ನಾಲ್ಕು ಗಿಡ್ಡ ಕಾಲುಗಳು ಮಾತ್ರ ಸಡಿಲಗೊಂಡಿದ್ದವು. ಕಾಲುಗಳನ್ನು ತೆಗೆದು, ಅವುಗಳಿಗೆ ಬದಲಾಗಿ ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಹಲಗೆಯ ಚೌಕಟ್ಟನ್ನು ನಿಲ್ಲಿಸಿದರೆ ಹಳೆಯ ಮಂಚವೇ ಸಾಕೆಂದು ತೋರಿತು. ಆ ಕೆಲಸವನ್ನು ಆಕೆಯೂ ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರೂ ನಾವೂ ಸೇರಿ ಮಾಡಿದೆವು. ಅದರಿಂದ ಕಲಿತದ್ದನ್ನು, ನಮ್ಮ ತಪ್ಪೊಂದನ್ನೂ ಮುಚ್ಚಿಡದೆ, ಇಲ್ಲಿ ಕ್ರಮವಾಗಿ ತಿಳಿಸುವೆವು.

ಇವುಗಳ ಉಪಯೋಗ

ತಲೆಹಲಗೆಯು ಅಂದಕ್ಕಾಗಿ ಇರುವುದೆಂದು ಅನೇಕರು ಭಾವಿಸುವರು. ಆದರೆ ರೋಗಿಯು ಒರಗಿ ಕುಳಿತು ಗಂಜಿ ಕುಡಿಯುವುದು ಅದರ ಆಸರೆಯಿಂದ. ದಿಂಬು ಹಿಂದಕ್ಕೆ ಜಾರಿ ಬೀಳದಿರುವುದು ಅದರಿಂದ. ತಣ್ಣನೆಯ ಗೋಡೆಗೆ ತಲೆ ತಾಗದಿರುವುದೂ ಅದರಿಂದಲೇ. ಕಾಲುಹಲಗೆಯಾದರೋ ಹೊದಿಕೆಯನ್ನು ತಡೆಯುವುದಲ್ಲದೆ, ಮಂಚವನ್ನು ಸುತ್ತಿ ನಡೆಯುವ ವೃದ್ಧರ ಕೈಗೆ ಆಧಾರವೂ ಆಗುವುದು. ಹೀಗಿರಲು, ಒರಗಿದಾಗ ಅಲುಗಾಡುವ ತಲೆಹಲಗೆಯು ಇಲ್ಲದ ಹಲಗೆಗಿಂತಲೂ ಕೆಟ್ಟದ್ದು. ಏನೂ ಇಲ್ಲದ ಕಡೆ ಮನುಷ್ಯನು ಎಚ್ಚರದಿಂದಿರುವನು. ಆಸರೆಯಿದೆಯೆಂದು ನಂಬಿದ ಕಡೆ ತನ್ನ ಭಾರವನ್ನೆಲ್ಲಾ ಒಪ್ಪಿಸಿಬಿಡುವನು. ಆದಕಾರಣ ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಹಲಗೆಗಿಂತ ಕಾಣದ ಕೂಡಿಕೆಯೇ ಮುಖ್ಯವೆಂಬುದನ್ನು ಮೊದಲೇ ಮನಸ್ಸಿನಲ್ಲಿಡತಕ್ಕದ್ದು.

ಮರದ ಆಯ್ಕೆ

ತೇಗವು ಎಲ್ಲಕ್ಕೂ ಉತ್ತಮವಾದದ್ದು. ಅದರ ನಡುವಿನ ಬಲಿತ ಭಾಗವಾದ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹೊರಗಿನ ಬಿಳಿಯ ಭಾಗಕ್ಕೆ ಆ ಗುಣವಿಲ್ಲವಾದ್ದರಿಂದ ಕೊಳ್ಳುವಾಗ ಅಂಚುಗಳನ್ನು ನೋಡಬೇಕು. ಹೊನ್ನೆ, ಮತ್ತಿ ಮರಗಳು ಗಟ್ಟಿಯಾದವು, ಆದರೆ ತೂಕ ಹೆಚ್ಚು. ಹಲಸಿನ ಮರವು ಮೊದಲು ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುವುದು. ವೀಣೆಯನ್ನು ಮಾಡುವುದೂ ಇದೇ ಮರದಿಂದ. ಹಲಸೂರಿಗೆ ಆ ಹೆಸರು ಹಲಸಿನ ತೋಪಿನಿಂದ ಬಂದಿತೆಂದು ಹೇಳುವರು. ಆಸ್ಟ್ರೇಲಿಯಾದಿಂದ ಬಂದು ನಮ್ಮ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಯುತ್ತಿರುವ ಸಿಲ್ವರ್ ಓಕ್ ಮರವು ಬೆಲೆಯಲ್ಲಿ ಅಗ್ಗವಾದದ್ದು.

1809ರಲ್ಲಿ ಸ್ಥಾಪಿತವಾದ ನಮ್ಮ ದಂಡುಪ್ರದೇಶದಲ್ಲಿ ಮತ್ತೊಂದು ಅನುಕೂಲವುಂಟು. ಇಲ್ಲಿನ ಹಳೆಯ ಬಂಗಲೆಗಳಲ್ಲಿ ಬಾಗಿಲು, ಕಿಟಕಿ, ತೊಲೆಗಳಿಗೆ ತೇಗವನ್ನು ಧಾರಾಳವಾಗಿ ಬಳಸಿದ್ದರು. ಕಿಟಕಿಗಳ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ, 'ಮಂಕಿ ಟಾಪ್' ಎಂದು ಕರೆಯಲ್ಪಡುವ ಮಾಡುಗಳು ಈ ಊರಿನ ವಿಶೇಷ. ಅಂತಹ ಮನೆಗಳನ್ನು ಕೆಡವಿದಾಗ ಬರುವ ಹಳೆಯ ಮರವು ಹತ್ತಾರು ವರ್ಷ ಒಣಗಿದ್ದಾದ್ದರಿಂದ ಸುಲಭವಾಗಿ ಸೊಟ್ಟಗಾಗದು. ಅದರಲ್ಲಿ ಮುರಿದುಳಿದ ಮೊಳೆಗಳನ್ನು ಹುಡುಕಿ ಕೀಳದೆ ಗರಗಸವನ್ನು ಮಾತ್ರ ಇಡಬಾರದು. ಚಿಕ್ಕ ತೂತುಗಳೂ ಹಿಟ್ಟಿನಂತಹ ಪುಡಿಯೂ ಕಂಡರೆ ಹುಳು ಹಿಡಿದಿದೆಯೆಂದು ತಿಳಿದು ಬಿಡತಕ್ಕದ್ದು. ಮರದ ಗುಣಗಳು ಊಹೆಯ ವಿಷಯವಲ್ಲ, ಶಾಸ್ತ್ರದ ವಿಷಯ. 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಈ ವಿದ್ಯೆಗಾಗಿಯೇ ಇರುವುದನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿನಿಯರು ತಿಳಿದಿರಲಿ.

ಅಳತೆ

ಬಾಷಾನಿನ ಅರಸನಾದ ಓಗನ ಕಬ್ಬಿಣದ ಮಂಚವು ಒಂಬತ್ತು ಮೊಳ ಉದ್ದವೂ ನಾಲ್ಕು ಮೊಳ ಅಗಲವೂ ಇದ್ದಿತೆಂದು ಧರ್ಮೋಪದೇಶಕಾಂಡವು ಹೇಳುವುದು. ನಮ್ಮ ಮಂಚವು ಮಲಗುವವರಿಗೆ ಒಪ್ಪುವಂತಿದ್ದರೆ ಸಾಕು. ಮೊದಲು ಆ ವ್ಯಕ್ತಿಯನ್ನು ಕುರ್ಚಿಯ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿರುವಾಗ ಮೊಣಕಾಲ ಹಿಂಬದಿಯ ಎತ್ತರವನ್ನು ಅಳೆಯಿರಿ. ಹಾಸಿಗೆಯ ಮೇಲ್ಮೈ ಅಷ್ಟೇ ಎತ್ತರಕ್ಕೆ, ಅಥವಾ ಸ್ವಲ್ಪ ಹೆಚ್ಚಾಗಿ ಬಂದರೆ ಏಳುವುದು ಸುಲಭ. ನಾವು ಮಾಡಿದ ಮಂಚದಲ್ಲಿ ಇದು 18 ಅಂಗುಲವಾಯಿತು.

ಒಬ್ಬರು ಮಲಗುವ 36 ಅಂಗುಲ ಅಗಲದ ಹಾಸಿಗೆಗೆ, ಹೊದಿಕೆಯ ಅಂಚನ್ನು ಸಿಕ್ಕಿಸಲು ಎಡೆ ಬಿಟ್ಟರೆ, ಒಳ ಅಗಲ 37 ಅಂಗುಲ. ಪಕ್ಕದ ಪಟ್ಟಿಗಳು ಒಂದೊಂದು ಅಂಗುಲ ದಪ್ಪವಾದ್ದರಿಂದ ಹೊರ ಅಗಲ 39 ಅಂಗುಲ. ಚೌಕಟ್ಟಿನ ನಿಲುಗಂಬಗಳು ಎರಡೂವರೆ ಅಂಗುಲ ಅಗಲ, ಎರಡು ಅಂಗುಲ ದಪ್ಪ. ತಲೆಯ ಕಡೆಯ ಕಂಬಗಳು 40 ಅಂಗುಲ ಎತ್ತರ, ಕಾಲಿನ ಕಡೆಯವು 24 ಅಂಗುಲ. ಹೀಗೆ ಒರಗಲು ಹಾಸಿಗೆಯ ಮೇಲೆ 22 ಅಂಗುಲ ದೊರೆಯುವುದು. ಎರಡು ಕಂಬಗಳನ್ನು ಸೇರಿಸುವ ಕೆಳಗಿನ ಅಡ್ಡಪಟ್ಟಿಯು ನೆಲದಿಂದ 13 ಅಂಗುಲ ಮೇಲಿದ್ದು ಮೂರು ಅಂಗುಲ ಅಗಲವಾಗಿರಲಿ. ಮೇಲಿನ ಅಡ್ಡಪಟ್ಟಿಯು ತಲೆಯ ಕಡೆ ನಾಲ್ಕು, ಕಾಲಿನ ಕಡೆ ಮೂರು ಅಂಗುಲ ಅಗಲವಾಗಿದ್ದು ಕಂಬದ ತುದಿಗೆ ಸಮವಾಗಿರಲಿ. ಅಡ್ಡಪಟ್ಟಿಗಳ ದಪ್ಪ ಒಂದೂವರೆ ಅಂಗುಲ.

ಅಡ್ಡಪಟ್ಟಿಯ ಉದ್ದವೆಷ್ಟು? 39ರಿಂದ ಎರಡು ಕಂಬಗಳ ಐದು ಅಂಗುಲವನ್ನು ಕಳೆದರೆ 34 ಉಳಿಯುವುದಷ್ಟೆ. ನಾವು ಹಾಗೆಯೇ ಲೆಕ್ಕಹಾಕಿ ಎರಡು ಪಟ್ಟಿಗಳನ್ನು 34 ಅಂಗುಲಕ್ಕೆ ಕೊಯ್ದುಬಿಟ್ಟೆವು. ಆಮೇಲೆ ಹೊಲಿಗೆಯ ಉಪಾಧ್ಯಾಯಿನಿಯವರು ಮೆಲ್ಲನೆ, "ಮಡಿಕೆಗೆ ಬಟ್ಟೆ ಬಿಡಲಿಲ್ಲವಲ್ಲಾ?" ಎಂದರು. ರವಿಕೆಯನ್ನು ಕತ್ತರಿಸುವಾಗ ಹೊಲಿಗೆಯ ಅಂಚಿಗೆ ಬಟ್ಟೆ ಬಿಡುವಂತೆ, ಅಡ್ಡಪಟ್ಟಿಯ ಎರಡು ತುದಿಗಳಲ್ಲಿಯೂ ಕಂಬದೊಳಗೆ ಹೋಗುವ ನಾಲಗೆಗಾಗಿ ಒಂದೂಕಾಲು ಅಂಗುಲ ಬಿಡಬೇಕಾಗಿತ್ತು. ಅಂದರೆ ಕೊಯ್ಯತಕ್ಕ ಉದ್ದ 36½ ಅಂಗುಲ. ಇಷ್ಟು ವರ್ಷ ಮಕ್ಕಳಿಗೆ ಗಣಿತವನ್ನು ಕಲಿಸಿದ ನಾವು ಕೂಡಿಕೆಯನ್ನೇ ಮರೆತಿದ್ದೆವು. ಆ ಪಟ್ಟಿಗಳು ಹಾಸಿಗೆಯಡಿಯ ಆಸರೆಗೆ ಉಪಯೋಗವಾದವು. ತಪ್ಪು ನಮ್ಮ ನೆನಪಿನಲ್ಲಿ ಉಳಿಯಿತು.

ಕೂಡಿಕೆ

ನಾಲಗೆಯ ದಪ್ಪವು ಪಟ್ಟಿಯ ದಪ್ಪದ ಮೂರರಲ್ಲಿ ಒಂದು ಪಾಲು, ಅಂದರೆ ಅರ್ಧ ಅಂಗುಲ. ಅದು ಹೊಗುವ ಗೂಡನ್ನು ಕಂಬದ ಒಳಮಗ್ಗುಲಲ್ಲಿ ಉಳಿಯಿಂದ ಕೊರೆಯಬೇಕು. ಮೊದಲು ಬೈರಿಗೆಯಿಂದ ಸಾಲಾಗಿ ತೂತುಗಳನ್ನು ಹಾಕಿ, ಬಳಿಕ ಉಳಿಯಿಂದ ಗೋಡೆಗಳನ್ನು ನೇರಮಾಡಿದರೆ ಶ್ರಮ ಕಡಿಮೆ. ಗೂಡನ್ನು ಮೊದಲು ಕೊರೆದು, ಆಮೇಲೆ ನಾಲಗೆಯನ್ನು ಅದಕ್ಕೆ ಹೊಂದಿಸಬೇಕೇ ಹೊರತು ತಿರುವುಮುರುವಲ್ಲ; ನಾಲಗೆಯನ್ನು ಸವರುವುದು ಸುಲಭ, ದೊಡ್ಡದಾದ ಗೂಡನ್ನು ಚಿಕ್ಕದುಮಾಡುವುದು ಅಸಾಧ್ಯ. ಕೈಯಿಂದ ಒತ್ತಿದರೆ ಬಿಗಿಯಾಗಿ ಹೋಗುವಂತಿರಲಿ. ಕೊಡತಿಯಿಂದ ಬಲವಾಗಿ ಬಡಿದರೆ ಕಂಬ ಸೀಳಬಹುದು. ಮೇಲಿನ ಪಟ್ಟಿಯ ನಾಲಗೆಯ ಮೇಲಂಚನ್ನು ಮುಕ್ಕಾಲು ಅಂಗುಲ ಕತ್ತರಿಸಿ ಹಾಕಬೇಕು. ಇಲ್ಲವಾದರೆ ಗೂಡು ಕಂಬದ ತುದಿಯಲ್ಲಿ ಬಾಯಿ ತೆರೆದು ಬಲಹೀನವಾಗುವುದು.

ಗೋಂದನ್ನು ಹಚ್ಚುವ ಮುನ್ನ ಎಲ್ಲವನ್ನೂ ಒಮ್ಮೆ ಒಣಗಾಗಿಯೇ ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ಎದುರುಬದಿಗಳು ಸಮವಾಗಿರುವ ಚತುರ್ಭುಜದಲ್ಲಿ ಕರ್ಣಗಳೂ ಸಮವಾದರೆ ಅದು ಆಯತವೆಂಬ ಪ್ರಮೇಯವನ್ನು ನಮ್ಮ ಹುಡುಗಿಯರು ಬಾಯಿಪಾಠವಾಗಿ ಒಪ್ಪಿಸಿರುವರು. ಅದು ಪರೀಕ್ಷೆಗಾಗಿ ಹುಟ್ಟಿದ್ದಲ್ಲವೆಂಬುದು ಈ ಹೊತ್ತು ತಿಳಿಯುವುದು.

ನಡುವಿನ ಹಲಗೆ

ಮರವು ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಅಗಲಕ್ಕೆ ಹಿಗ್ಗುವುದು, ಫಾಲ್ಗುಣ ಚೈತ್ರಗಳ ಒಣಹವೆಯಲ್ಲಿ ಕುಗ್ಗುವುದು. ಉದ್ದಕ್ಕೆ ಮಾತ್ರ ಬದಲಾವಣೆ ಬಹಳ ಕಡಿಮೆ. ನಡುವಿನ ಹಲಗೆಯನ್ನು ಗೋಂದಿನಿಂದಲೂ ಮೊಳೆಯಿಂದಲೂ ಬಂಧಿಸಿದರೆ ಅದು ಕುಗ್ಗಲು ಎಡೆಯಿಲ್ಲದೆ ಸೀಳುವುದು. ಆದ್ದರಿಂದ ಕಂಬಗಳ ಮತ್ತು ಪಟ್ಟಿಗಳ ಒಳ ಅಂಚಿನಲ್ಲಿ ಮುಕ್ಕಾಲಿನ ಅರ್ಧದಷ್ಟು, ಅಂದರೆ ⅜ ಅಂಗುಲ ಆಳದ ತೋಡನ್ನು ಮರಕೊಯ್ಯುವ ಕಾರ್ಖಾನೆಯಲ್ಲಿ ಯಂತ್ರದಿಂದ ತೆಗೆಸಿ, ಹಲಗೆಯನ್ನು ಅದರೊಳಗೆ ಗೋಂದಿಲ್ಲದೆ ನಿಲ್ಲಿಸತಕ್ಕದ್ದು. ತಲೆಯ ಕಡೆ ಕಾಣುವ ತೆರಪು 34ಕ್ಕೆ 20 ಅಂಗುಲ. ಹಲಗೆಯನ್ನು 34½ಕ್ಕೆ 20½ ಅಂಗುಲವಾಗಿ ಕೊಯ್ದರೆ ತೋಡಿನಲ್ಲಿ ನಿಲ್ಲುವುದು, ಹಿಗ್ಗಲು ಎಡೆಯೂ ಇರುವುದು. ಕಾಲುಹಲಗೆಯ ತೆರಪು 34ಕ್ಕೆ 5 ಅಂಗುಲವಾದ್ದರಿಂದ ಅದನ್ನು 34½ಕ್ಕೆ 5½ ಆಗಿ ಕೊಯ್ಯಬೇಕು. ತೆಳುವಾದ ಪದರಗಳನ್ನು ಅಡ್ಡಡ್ಡವಾಗಿ ಅಂಟಿಸಿ ಮಾಡಿದ ಪ್ಲೈವುಡ್ ಹಿಗ್ಗಿ ಕುಗ್ಗುವುದು ಬಹಳ ಕಡಿಮೆ. ಅದನ್ನು ಕೊಳ್ಳುವವರು ಐ.ಎಸ್. 303 ಎಂಬ ಗುರುತನ್ನು ನೋಡಿ ಕೊಳ್ಳಲಿ.

ಮಂಚಕ್ಕೆ ಸೇರಿಸುವುದು

ನಾಲಗೆಗಳಿಗೂ ಗೂಡುಗಳಿಗೂ ಗೋಂದನ್ನು ಹಚ್ಚಿ, ಹಲಗೆಯನ್ನು ತೋಡಿನಲ್ಲಿಟ್ಟು, ಚೌಕಟ್ಟನ್ನು ಸೇರಿಸಿ, ಹಗ್ಗದಿಂದಾಗಲಿ ಕ್ಲಾಂಪಿನಿಂದಾಗಲಿ ಬಿಗಿದು ಒಂದು ದಿನ ಬಿಡಬೇಕು. ಬಳಿಕ ಪಕ್ಕದ ಪಟ್ಟಿಗಳನ್ನು ಕಂಬಗಳಿಗೆ ಸೇರಿಸುವುದು. ಇಲ್ಲಿ ಮೊಳೆಯನ್ನು ಎಂದಿಗೂ ನಂಬಬಾರದು. ಪ್ರತಿ ಮೂಲೆಗೂ ಒಳಗಡೆ ಗಟ್ಟಿಯಾದ ಕಬ್ಬಿಣದ ಮೂಲೆಪಟ್ಟಿಯನ್ನಿಟ್ಟು, ಕಂಬದ ಮೂಲಕ ಹಾಯುವ ಎರಡೆರಡು ಬೋಲ್ಟುಗಳನ್ನು ಹಾಕಿ, ಬಿಲ್ಲೆಯಿಟ್ಟು ನಟ್ಟಿನಿಂದ ಬಿಗಿಯಬೇಕು. ನಾಲ್ಕು ಮೂಲೆಗೆ ಎಂಟು ಬೋಲ್ಟುಗಳು. ನಮ್ಮ ಅಳತೆಯಲ್ಲಿ ಪಕ್ಕದ ಪಟ್ಟಿಯು ನೆಲದಿಂದ 7ರಿಂದ 12 ಅಂಗುಲದವರೆಗೆ ಇರುವುದು. ಕೆಳಗಿನ ಅಡ್ಡಪಟ್ಟಿಯನ್ನು 13 ಅಂಗುಲಕ್ಕೆ ಏರಿಸಿದ್ದು ಬೋಲ್ಟಿನ ತೂತೂ ನಾಲಗೆಯ ಗೂಡೂ ಒಂದನ್ನೊಂದು ಕಡಿಯಬಾರದೆಂದೇ. ಬೋಲ್ಟಿನಿಂದ ಇನ್ನೊಂದು ಲಾಭ: ಮನೆ ಬದಲಾಯಿಸುವಾಗ ಬಿಚ್ಚಬಹುದು, ಸಂದಿಯಲ್ಲಿ ತಿಗಣೆ ಸೇರಿದರೆ ಬಿಚ್ಚಿ ಶುದ್ಧಮಾಡಬಹುದು. ಒಂದು ತಿಂಗಳಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದನ್ನು ಮರೆಯಬಾರದು.

ಕೊನೆಗೆ ಉಪ್ಪುಕಾಗದದಿಂದ ಮರದ ಎಳೆಯ ದಿಕ್ಕಿನಲ್ಲಿಯೇ ಉಜ್ಜಿ, ಕೈ ತಾಗುವ ಅಂಚುಗಳನ್ನೆಲ್ಲಾ ದುಂಡಗೆ ಮಾಡಿ, ಅರಗಿನ ಪಾಲಿಷನ್ನಾಗಲಿ ಅಗಸೆ ಎಣ್ಣೆಯನ್ನಾಗಲಿ ಹಚ್ಚಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ತಾವಾಗಿಯೇ ಕಾದು ಹೊತ್ತಿಕೊಳ್ಳುವ ಅಪಾಯವುಂಟು. ಅವನ್ನು ಬಿಡಿಸಿ ಬಯಲಿನಲ್ಲಿ ಒಣಗಿಸಬೇಕು.

ಮಂಚದ ಪರೀಕ್ಷೆ ಹೀಗೆ: ಗೋಡೆಯಿಂದ ದೂರಕ್ಕೆ ಎಳೆದು ನಿಲ್ಲಿಸಿ, ಮನೆಯಲ್ಲಿ ಹೆಚ್ಚು ತೂಕವುಳ್ಳವರು ತಲೆಹಲಗೆಗೆ ಬೆನ್ನುಕೊಟ್ಟು ಒರಗಲಿ. ಕಿರ್ರೆಂದು ಸದ್ದು ಬಂದರೆ, ಅಲುಗಿದರೆ, ಬಿಚ್ಚಿ ಸರಿಪಡಿಸದೆ ರೋಗಿಯನ್ನು ಮಲಗಿಸಬಾರದು.

ಹೆಣ್ಣುಮಕ್ಕಳಿಗೆ ಇದೇಕೆ?

ಬಡಗಿಯ ಕೆಲಸ ನಮ್ಮ ಹುಡುಗಿಯರಿಗೆ ಏಕೆಂದು ಕೇಳುವ ಪೋಷಕರುಂಟು. ಫಿನ್ಲೆಂಡಿನಲ್ಲಿ ಊನೋ ಸಿಗ್ನೇಯಸ್ ಎಂಬ ಶಿಕ್ಷಣತಜ್ಞರ ಪ್ರಯತ್ನದಿಂದ 1866ರಲ್ಲಿಯೇ ಜನಶಾಲೆಗಳ ಪಾಠಕ್ರಮದಲ್ಲಿ ಕೈಕೆಲಸಕ್ಕೆ ಸ್ಥಾನ ದೊರೆಯಿತು. ನಮ್ಮ ದೇಶದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ವಿದ್ಯೆಯನ್ನು ಕಲಿಸಬೇಕೆಂದು ಪ್ರತಿಪಾದಿಸಿದರು. ಇವರ ಉದ್ದೇಶ ಎಲ್ಲರನ್ನೂ ಬಡಗಿಗಳನ್ನಾಗಿ ಮಾಡುವುದಲ್ಲ. ಕೈಯೂ ಕಣ್ಣೂ ಬುದ್ಧಿಯೂ ಒಟ್ಟಿಗೆ ದುಡಿಯುವುದನ್ನು ಕಲಿಸುವುದು. ಕಠಿಣವಾದ ಕೊಯ್ತವನ್ನು ಬಡಗಿಗೆ ಒಪ್ಪಿಸಿದರೂ ಸರಿಯೇ. ಅಳತೆಯನ್ನು ತಿಳಿದವಳು ಅವನ ಕುಶಲತೆಯನ್ನು ಗೌರವಿಸುವಳು, ಮೋಸವನ್ನೂ ಗುರುತಿಸುವಳು.

ಮದುವೆಯ ಕಾಲಕ್ಕೆ ಮಂಚ, ಹಾಸಿಗೆ, ಬೀರುಗಳನ್ನು ಕೊಡಲೇಬೇಕೆಂದು ಸಾಲಮಾಡುವ ತಂದೆತಾಯಿಗಳನ್ನು ನಾವು ಪ್ರತಿವರ್ಷವೂ ಕಾಣುತ್ತಿರುವೆವು. ಕೆತ್ತನೆಯ ಮಂಚವು ಮಗಳ ಗೌರವವನ್ನು ಹೊರಲಾರದು. ಇರುವುದನ್ನು ಪರೀಕ್ಷಿಸಿ, ಗಟ್ಟಿಯಾದದ್ದನ್ನು ಉಳಿಸಿ, ಕೊರತೆಯಾದದ್ದನ್ನು ಕೈಯಾರೆ ಸೇರಿಸಬಲ್ಲ ಬುದ್ಧಿಯನ್ನು ಅವಳಿಗೆ ಕೊಟ್ಟರೆ ಅದನ್ನು ಯಾವ ಸಾಲಗಾರನೂ ಬಂದು ಕೇಳಲಾರನು.

ಹಲಸೂರಿನ ಆ ತಾಯಿಯವರನ್ನು ಕೆಲಸ ಮುಗಿದ ಮರುದಿನ ನೋಡಲು ಹೋದೆವು. ಅವರು ದಿಂಬಿಗೆ ಒರಗಿ ಕುಳಿತು ಕಾಫಿ ಕುಡಿಯುತ್ತಿದ್ದರು. ಹಲಗೆಯ ಅಂದವನ್ನು ಕುರಿತು ಏನನ್ನೂ ಹೇಳಲಿಲ್ಲ. ಲೋಟವನ್ನು ಕೆಳಗಿಟ್ಟು, ಕಂಬವನ್ನು ಹಿಡಿದು, ಯಾರನ್ನೂ ಕರೆಯದೆ ತಾವೇ ಎದ್ದು ನಿಂತು ನಮಗೆ ಕುರ್ಚಿಯನ್ನು ತೋರಿಸಿದರು. ಮಗಳು ನಮ್ಮ ಕಡೆಗೆ ನೋಡಿದಳು. ಅಷ್ಟೇ ಸಾಕಾಗಿತ್ತು.