ಆಪ್ಷನ್ ಎಂಟ್ರಿ: ತಮ್ಮ-ತಂಗಿಯರಿಗೆ ಹೇಳಿಕೊಡುವ ಮುನ್ನ

ಸಿಇಟಿ ರ‍್ಯಾಂಕ್ ಬಂದ ಮರುದಿನ ಊರಿಂದ ಫೋನ್ ಬರೋದು ನಮಗೇ. "ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಯಾವ ಕಾಲೇಜು ಬರೀಲಿ ಹೇಳು" ಅಂತ. ನನ್ನ ಚಿಕ್ಕಪ್ಪನ ಮಗ ಶಿರಹಟ್ಟಿಯಿಂದ ಹೀಗೇ ಕೇಳಿದ್ದ. "ಗ್ಯಾರಂಟಿ ಸಿಗೋದನ್ನ ಮೊದಲು ಬರಿ, ಆಸೆ ಇರೋದನ್ನ ಆಮೇಲೆ ಬರಿ" ಅಂದೆ. ಗ್ಯಾರಂಟಿಯದ್ದು ಸಿಕ್ಕಿತು. ಅವನು ಎರಡನೆಯದಾಗಿ ಬರೆದಿದ್ದ, ನಿಜವಾಗಿ ಬೇಕಾಗಿದ್ದ ಬ್ರಾಂಚ್ ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಹೋಯಿತು. ತಪ್ಪು ನನ್ನದು. ಆ ತಪ್ಪು ಏನು ಅಂತ ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ.

ಯಂತ್ರ ಹೇಗೆ ಓದುತ್ತದೆ?

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ, 180 ಅಂಕದ ಸಿಇಟಿ ಇನ್ನರ್ಧ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಒಂದನೇ ರ‍್ಯಾಂಕಿನಿಂದ ಶುರುವಾಗುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ.

ಉದಾಹರಣೆಗೆ ಲಕ್ಷ್ಮೇಶ್ವರದ ಒಬ್ಬ ಹುಡುಗಿ ಹೀಗೆ ಬರೆದಳು ಅಂತಿಟ್ಟುಕೊಳ್ಳಿ:

1. ಹುಬ್ಬಳ್ಳಿ, ಕಂಪ್ಯೂಟರ್ ಸೈನ್ಸ್
2. ಧಾರವಾಡ, ಎಲೆಕ್ಟ್ರಾನಿಕ್ಸ್
3. ಗದಗ, ಕಂಪ್ಯೂಟರ್ ಸೈನ್ಸ್
4. ಲಕ್ಷ್ಮೇಶ್ವರ, ಕಂಪ್ಯೂಟರ್ ಸೈನ್ಸ್

ಅವಳ ಸರದಿ ಬರುವಷ್ಟರಲ್ಲಿ ಮೊದಲ ಎರಡು ತುಂಬಿವೆ. ಮೂರನೆಯದು ಸಿಗುತ್ತದೆ. ಮೊದಲ ಎರಡನ್ನು ಬರೆಯದೇ ಇದ್ದರೂ ಸಿಗುತ್ತಿದ್ದದ್ದು ಇದೇ. ಅಂದರೆ ಆಸೆಯ ಕಾಲೇಜನ್ನು ಮೇಲೆ ಬರೆದಿದ್ದಕ್ಕೆ ದಂಡ ಇಲ್ಲ. ನಾಲ್ಕನೆಯದನ್ನು "ಸೇಫ್" ಅಂತ ಮೊದಲಿಗೆ ಬರೆದಿದ್ದರೆ ಅದೇ ಸಿಗುತ್ತಿತ್ತು, ಗದಗದ ಸೀಟು ಕೈತಪ್ಪುತ್ತಿತ್ತು. ಸೇಫ್ ಕಾಲೇಜು ಪಟ್ಟಿಯಲ್ಲಿ ಇರಲೇಬೇಕು, ಆದರೆ ಅದರ ಜಾಗ ಕೆಳಗೆ.

ಕಟ್-ಆಫ್ ಅಂದರೆ ಹೋದ ವರ್ಷ ಆ ಸೀಟು ಪಡೆದ ಕೊನೆಯ ರ‍್ಯಾಂಕ್, ಅಷ್ಟೇ. ಈ ವರ್ಷದ ಗೆರೆ ಅದಲ್ಲ. ಪಟ್ಟಿ ಎಷ್ಟು ಉದ್ದ ಇರಬೇಕು ಅನ್ನೋದನ್ನು ಕಟ್-ಆಫ್ ನೋಡಿ ತೀರ್ಮಾನಿಸಿ. ಕ್ರಮವನ್ನು ಮಾತ್ರ ಮನಸ್ಸು ನೋಡಿ.

ಸೀಟು ಸಿಕ್ಕ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದು ಅಂದರೆ ಒಪ್ಪಿ ಸೇರುವುದು. ಎರಡು ಅಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು. ಮೂರು ಅಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಅಂದರೆ ಪೂರ್ತಿ ಹೊರಬರುವುದು. ಚಾಯ್ಸ್ ಎರಡರಲ್ಲಿ ಮೇಲಿನದು ಸಿಕ್ಕಿತು ಅಂದರೆ ಹಳೆಯದು ತಾನಾಗಿಯೇ ಹೋಗುತ್ತದೆ. ಆದ್ದರಿಂದ ಸೇರಲು ಮನಸ್ಸಿಲ್ಲದ ಕಾಲೇಜು ಪಟ್ಟಿಯ ಮೇಲ್ಭಾಗದಲ್ಲಿ ಇರಬಾರದು.

ನಮ್ಮ ಕಡೆಯ ಲೆಕ್ಕ

ಗದಗ ಜಿಲ್ಲೆ ಆದ 1997ರಲ್ಲೇ ಗದಗದಲ್ಲಿ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಹುಲಕೋಟಿಯಲ್ಲಿ ರೂರಲ್ ಇಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದಲ್ಲಿ ಅಗಡಿ ಕಾಲೇಜು ಇವೆ. ಮೂರರಲ್ಲೂ ಪದವಿ ಬೆಳಗಾವಿಯ ವಿಟಿಯುದು. ಧಾರವಾಡದ ಎಸ್‌ಡಿಎಂ, ಬಾಗಲಕೋಟೆಯ ಬಸವೇಶ್ವರ ಕಾಲೇಜುಗಳು ಸ್ವಾಯತ್ತ: ಪಠ್ಯ, ಪರೀಕ್ಷೆ ಅವರದು, ಪದವಿ ವಿಟಿಯುದು. 1947ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಪದವಿಯೂ ಅದರದೇ. ಐಐಟಿ ಧಾರವಾಡಕ್ಕೆ ಸಿಇಟಿ ನಡೆಯೋದಿಲ್ಲ, ಜೆಇಇ ಅಡ್ವಾನ್ಸ್ಡ್ ಬೇಕು.

ಮುಂಡರಗಿಯವರು ಒಂದು ವಿಷಯ ಗಮನಿಸಬೇಕು. ಕೊರ್ಲಹಳ್ಳಿ ಸೇತುವೆ ದಾಟಿದರೆ ಹೂವಿನಹಡಗಲಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಕೊಪ್ಪಳದ ಕಡೆ ಹೋದರೆ ತಳಕಲ್ಲಿನದು. ಎರಡೂ ಹತ್ತಿರ, ಶುಲ್ಕವೂ ಕಡಿಮೆ. ಆದರೆ ಎರಡೂ 371ಜೆ ವ್ಯಾಪ್ತಿಯಲ್ಲಿವೆ. ಅಲ್ಲಿ ಶೇ. 70 ಸೀಟು ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲು. ಗದಗ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಹೊಳೆಯ ಆಚೆ ದಂಡೆಯ ಗೆಳೆಯನಿಗೆ ಸಿಕ್ಕ ರ‍್ಯಾಂಕಿಗೆ ನಿಮಗೂ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಕಟ್-ಆಫ್ ನೋಡುವಾಗ 371ಜೆ ಅಲ್ಲದ ಸಾಲನ್ನೇ ನೋಡಿ.

ಮೀಸಲಾತಿಯಲ್ಲಿ ನಮ್ಮವರು ಕಳೆದುಕೊಳ್ಳೋದು ಇನ್ನೆರಡು: ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯ ಓದು ಲೆಕ್ಕಕ್ಕೆ ಬರುತ್ತದೆ. ಮನೆ ಹಳ್ಳಿಯಲ್ಲಿದ್ದು ಶಾಲೆ ಪಟ್ಟಣದಲ್ಲಿದ್ದರೆ ಗ್ರಾಮೀಣ ಕೋಟಾ ಇಲ್ಲ. ಡಂಬಳದಲ್ಲಿ ಹತ್ತೂ ವರ್ಷ ಓದಿದವರು, ಮುಂಡರಗಿ ಪಟ್ಟಣದಲ್ಲಿ ಓದಿದವರು ಇಲ್ಲಿ ಬೇರೆ ಬೇರೆ. ಪ್ರಮಾಣಪತ್ರ ಮೊದಲೇ ಮಾಡಿಸಿಡಲಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದವರು ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟಿಗೂ ಕೇಳಬೇಕು.

ಖರ್ಚಿನ ಮಾತು

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮೂರಕ್ಕೂ ರೈಲಿಲ್ಲ. ಗದಗ-ಬೆಟಗೇರಿಯ ಹುಡುಗರು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಸಂಜೆ ಮನೆ ಮುಟ್ಟಬಹುದು. ಮುಂಡರಗಿಯವರಿಗೆ ಅದು ಆಗದ ಮಾತು. ಹೀಗಾಗಿ ಕಾಲೇಜು ಶುಲ್ಕವೊಂದನ್ನೇ ನೋಡಬೇಡಿ: ಶುಲ್ಕ, ಹಾಸ್ಟೆಲ್, ಊಟ, ಬಸ್ ಪಾಸ್ ಕೂಡಿಸಿ ನಾಲ್ಕರಿಂದ ಗುಣಿಸಿ. ಆ ಮೊತ್ತವನ್ನು ಅಪ್ಪ-ಅವ್ವನ ಮುಂದೆ ಇಟ್ಟ ಮೇಲೆಯೇ ಕ್ರಮ ಬರೆಯಲಿ. ಕಾಲೇಜಿಗೆ ಒಂದು ದಿನ ಹೋಗಿ, ಆ ಬ್ರಾಂಚಿನ ಮೂರನೇ ವರ್ಷದವರನ್ನು ಲ್ಯಾಬ್ ಹೇಗಿದೆ, ಪಾಠ ನಡೆಯುತ್ತಾ ಅಂತ ಕೇಳಲಿ. ಕ್ಯಾಂಪಸ್ಸಿಗೆ ಎಷ್ಟು ಕಂಪನಿ ಬಂದವು ಅನ್ನೋದಕ್ಕಿಂತ ಆ ಬ್ರಾಂಚಿನ ಎಷ್ಟು ಜನ ಕೆಲಸಕ್ಕೆ ಸೇರಿದರು ಅನ್ನೋದು ಮುಖ್ಯ.

ತಮ್ಮ ಈಗ ಸಿಕ್ಕ ಬ್ರಾಂಚಿನಲ್ಲೇ ಓದುತ್ತಿದ್ದಾನೆ, ಚೆನ್ನಾಗಿಯೇ ಇದ್ದಾನೆ. ನನ್ನನ್ನು ಬೈದೂ ಇಲ್ಲ. ಆದರೆ ಈ ಸಲ ಅವನ ತಂಗಿ ಫೋನ್ ಮಾಡಿದಾಗ ನಾನು ಕಾಲೇಜಿನ ಹೆಸರು ಹೇಳಲಿಲ್ಲ. "ನಿನಗೆ ಯಾವುದು ಬೇಕು, ಅದನ್ನ ಮೊದಲು ಬರಿ. ಉಳಿದದ್ದನ್ನ ಕೂತು ಲೆಕ್ಕ ಹಾಕೋಣ" ಅಂದೆ.