ನೀರಲ್ಲಿರುವ ಬೇರಿಗೂ ಗಾಳಿ ಬೇಕು

ಮನೆಯಲ್ಲಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ನೀರಲ್ಲೇ ಗಿಡ ಬೆಳೆಸುವುದನ್ನು, ಶುರು ಮಾಡಬೇಕು, ಏನೇನು ಕೊಳ್ಳಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಥರ್ಮಾಮೀಟರ್. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ನೀರಲ್ಲಿ ತೇಲುವ ಗಾಜಿನದು ಸಾಕು. ಬಣ್ಣದ ಎಲ್‌ಇಡಿ ದೀಪ, ಬಗೆಬಗೆಯ ಪೋಷಕ ಪುಡಿ ಎಲ್ಲ ಆಮೇಲೆ. ಬೆಂಗಳೂರಿನಲ್ಲಿದ್ದಷ್ಟು ಕಾಲ ಥರ್ಮಾಮೀಟರಿನ ಬೆಲೆ ನನಗೂ ಪೂರ್ತಿ ಗೊತ್ತಾಗಿರಲಿಲ್ಲ. ಕೆಲಸದ ನಿಮಿತ್ತ ಕಲಬುರಗಿಗೆ ಬಂದು, ಅದೇ ಡಬ್ಬಿ, ಅದೇ ಗಾಳಿ ಪಂಪು, ಅದೇ ಲೆಟಿಸ್ ಬೀಜ ಇಟ್ಟುಕೊಂಡು ಮಾಳಿಗೆಯ ಮೇಲೆ ಬೆಳೆಯತೊಡಗಿದ ಮೇಲೆ ತಿಳಿಯಿತು: ತೊಟ್ಟಿಗೆ ಗಾಳಿ ಊಡುವ ಕೆಲಸ ಪಂಪಿನಿಂದ ಶುರುವಾಗುವುದಿಲ್ಲ, ನೀರಿನ ಬಿಸಿಯಿಂದ ಶುರುವಾಗುತ್ತದೆ.

ಲೆಕ್ಕ ಹೀಗಿದೆ. ಸಮುದ್ರಮಟ್ಟದ ಊರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸಿಹಿನೀರು ಗಾಳಿಯಿಂದ ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕ ಹೀರಿ ಇಟ್ಟುಕೊಳ್ಳುತ್ತದೆ. 25 ಡಿಗ್ರಿಗೆ ಅದು 8.3ಕ್ಕೆ ಇಳಿಯುತ್ತದೆ, 30ಕ್ಕೆ 7.6, 35ಕ್ಕೆ 7ರ ಆಸುಪಾಸು. ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇನ್ನೂ ಸ್ವಲ್ಪ ಕಡಿತ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಈ ಅಂಕಿಗಳಿಂದ ಹತ್ತರಲ್ಲೊಂದು ಪಾಲು ಕಳೆಯಬೇಕು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನೀರು ಬಿಸಿಯಾದಂತೆ ಬೇರಿನ ಉಸಿರಾಟವೂ ಜೋರಾಗುತ್ತದೆ. ಹತ್ತು ಡಿಗ್ರಿ ಏರಿದರೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿ. ನೀರಿನಲ್ಲಿ ದಾಸ್ತಾನು ಕುಗ್ಗುವ ಹೊತ್ತಿಗೇ ಬೇರಿನ ಹಸಿವು ಏರುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮಣ್ಣಿನ ಸಂದುಗಳಲ್ಲಿ ಗಾಳಿ ಉಂಡು ಬೆಳೆಯಬೇಕಾದ ಬೇರನ್ನು ನಾವು ಎಂಥ ಬಡತನಕ್ಕೆ ಇಳಿಸಿದ್ದೇವೆ ಎಂದು ಅರ್ಥವಾಗುತ್ತದೆ.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತಿತ್ತು. ಪಕ್ಕದ ಮನೆಯವರು ಹಪ್ಪಳ ಒಣಹಾಕಲು ಮಾಳಿಗೆಗೆ ಬಂದಿದ್ದರು. ಅವರು ಸಿಂಧನೂರು ಕಡೆಯವರು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗದ್ದೆ ಇರುವ ಮನೆತನ. ಜೋತುಬಿದ್ದ ಲೆಟಿಸ್ ಎಲೆಗಳನ್ನು ನೋಡಿ ಕೇಳಿದರು: “ಯಾಕ್ರೀ ಅಕ್ಕಾರ, ನಮ್ಮ ನೆಲ್ಲು ತಿಂಗಳಾನುಗಟ್ಟಲೆ ನೀರಾಗೇ ನಿಂತಿರತದ, ಏನೂ ಆಗಂಗಿಲ್ಲ. ಇದು ನೀರಾಗಿದ್ದೂ ಯಾಕ ಬಾಡೇದ?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಈ ವಿಷಯದಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಭತ್ತದ ಕಾಂಡ ಮತ್ತು ಬೇರಿನೊಳಗೆ ಗಾಳಿ ಹಾಯುವ ಟೊಳ್ಳು ದಾರಿಗಳಿವೆ. ಮೇಲಿನ ಎಲೆ, ಕಾಂಡಗಳಿಂದ ಇಳಿದ ಆಮ್ಲಜನಕ ಆ ದಾರಿಯಲ್ಲಿ ಕೆಸರಿನೊಳಗಿನ ಬೇರಿನ ತುದಿಗೆ ಮುಟ್ಟುತ್ತದೆ. ಲೆಟಿಸ್, ಪಾಲಕ್, ಟೊಮೆಟೊಗಳಿಗೆ ಆ ಅನುಕೂಲ ಅಷ್ಟಿಲ್ಲ. ಅವುಗಳ ಬೇರು ಸುತ್ತಲಿನ ನೀರಿನಿಂದಲೇ ಉಸಿರು ಪಡೆಯಬೇಕು. ಅದು ಸಿಗದಿದ್ದಾಗ ಬೇರಿನ ಜೀವಕೋಶದೊಳಗೆ ಆಮ್ಲೀಯತೆ ಹೆಚ್ಚಿ, ನೀರು ಒಳಬಿಡುವ ಆಕ್ವಾಪೋರಿನ್ ಎಂಬ ಸೂಕ್ಷ್ಮ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರಿದ್ದರೂ ಎಲೆಗೆ ನೀರು ಏರುವುದಿಲ್ಲ. ಗೊಬ್ಬರದ ಲವಣಗಳನ್ನು ಒಳಗೆ ಎಳೆದುಕೊಳ್ಳುವುದಕ್ಕೂ ಬೇರಿಗೆ ಶಕ್ತಿ ಬೇಕು, ಆ ಶಕ್ತಿಯೂ ಉಸಿರಾಟದಿಂದಲೇ ಬರಬೇಕು. ಹಾಗಾಗಿ ಎಲೆ ಹಳದಿಯಾದಾಗ ಇನ್ನಷ್ಟು ಪೋಷಕ ಸುರಿಯುವ ಮುಂಚೆ ಡಬ್ಬಿಯ ಮುಚ್ಚಳ ತೆಗೆದು ಬೇರು ನೋಡಬೇಕು.

ಹೋಗ್ಲೆಂಡ್ ದ್ರಾವಣ ಎಂಬ ಪೋಷಕ ಸೂತ್ರದ ಹೆಸರನ್ನು ಈ ಹವ್ಯಾಸದವರೆಲ್ಲ ಕೇಳಿರುತ್ತಾರೆ. ಡೆನಿಸ್ ಹೋಗ್ಲೆಂಡ್ ಮತ್ತು ಡೇನಿಯಲ್ ಆರ್ನನ್ 1938ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಪುಸ್ತಿಕೆಯಲ್ಲಿ ಬೇರಿಗೆ ಗಾಳಿ ಒದಗಿಸುವ ಮಾತೂ ಇದೆ. ಸೂತ್ರ ಅಂಗಡಿಯ ಪೊಟ್ಟಣದಲ್ಲಿ ನಮ್ಮ ಮನೆಗೆ ಬಂತು, ಗಾಳಿಯ ಮಾತು ಅದರ ಜೊತೆ ಬರಲಿಲ್ಲ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನು ಗುಳ್ಳೆಗಳ ವಿಷಯ. ಒಂದಡಿ ಆಳದ ಬಕೆಟ್ಟಿನಲ್ಲಿ, ಪಂಪಿನ ಕೊಳವೆಯ ತುದಿಗೆ ಸಿಕ್ಕಿಸುವ ರಂಧ್ರಗಳ ಕಲ್ಲಾದ ಏರ್ ಸ್ಟೋನ್‌ನಿಂದ ಹೊರಟ ಗುಳ್ಳೆ ಒಂದೆರಡು ಸೆಕೆಂಡಿನಲ್ಲಿ ಮೇಲೆ ಬಂದು ಒಡೆಯುತ್ತದೆ. ಅಷ್ಟರಲ್ಲಿ ಅದು ನೀರಿಗೆ ಬಿಟ್ಟುಕೊಡುವ ಆಮ್ಲಜನಕ ಸ್ವಲ್ಪವೇ. ಗುಳ್ಳೆಗಳ ದೊಡ್ಡ ಉಪಕಾರ ಬೇರೆ: ಅವು ತಳದ ನೀರನ್ನು ಮೇಲಕ್ಕೆ ಎಳೆದು ತರುತ್ತವೆ, ಮೇಲ್ಮೈಯನ್ನು ಕಲಕುತ್ತವೆ. ನಿಂತ ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಆದ್ದರಿಂದ ಈ ಕಲಕಾಟವೇ ಮುಖ್ಯ. ಇದು ತಿಳಿದ ಮೇಲೆ ನಾನು ಕಲ್ಲನ್ನು ಮೂಲೆಯಲ್ಲಿ ಇಡುವುದನ್ನು ಬಿಟ್ಟು ಬೇರಿನ ಗೊಂಚಲಿನ ಅಡಿಗೆ, ನಟ್ಟನಡುವೆ ಇಡತೊಡಗಿದೆ. ಸಣ್ಣ ಗುಳ್ಳೆ ನಿಧಾನವಾಗಿ ಏರುವುದರಿಂದಲೂ, ಅಷ್ಟೇ ಗಾಳಿಗೆ ಹೆಚ್ಚು ಮೈ ಒಡ್ಡುವುದರಿಂದಲೂ ಅದೇ ಮೇಲು. ಇಪ್ಪತ್ತು ಲೀಟರಿನ ಬಕೆಟ್ಟಿಗೆ ನಿಮಿಷಕ್ಕೆ ಎರಡು-ಮೂರು ಲೀಟರ್ ಗಾಳಿ ಬಿಡುವ ಪುಟ್ಟ ಪಂಪು ನನಗೆ ಸಾಕಾಗಿದೆ. ದೊಡ್ಡದೊಂದರ ಬದಲು ಚಿಕ್ಕವು ಎರಡು ಇರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದರ ಒಳಗಿನ ರಬ್ಬರ್ ಹರಿದ ದಿನ ಇನ್ನೊಂದು ಗಿಡ ಕಾಯುತ್ತದೆ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಬೇಕು. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಹೋಗುತ್ತದೆ. ಕೊಳವೆಯ ನಡುವೆ ಕೂರಿಸುವ ಚೆಕ್ ವಾಲ್ವ್ ಅಗ್ಗದ್ದು, ಅದನ್ನೂ ಹಾಕಿದರೆ ಒಳ್ಳೆಯದು. ಪಂಪು ನೆರಳಿನಲ್ಲಿರಬೇಕು, ಕಾದ ಸಿಮೆಂಟಿನ ಪಕ್ಕದ ಗಾಳಿಯನ್ನೇ ಅದು ಎಳೆದು ನೀರಿಗೆ ಊದುತ್ತದಲ್ಲ. ಏರ್ ಸ್ಟೋನ್ ಬಗ್ಗೆ ಹೇಳುವುದಾದರೆ, ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ರಂಧ್ರಗಳು ಬಿಳಿ ಸುಣ್ಣ ಕಟ್ಟಿ ಮುಚ್ಚುತ್ತವೆ. ಗುಳ್ಳೆಗಳು ದಪ್ಪವಾಗಿ ಒಂದೇ ಕಡೆಯಿಂದ ಬರತೊಡಗಿದರೆ ಅದೇ ಗುರುತು. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ, ತೊಳೆದು, ಬಿಸಿಲಿಗೆ ಒಣಗಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಅದೇ ಬೋರ್‌ವೆಲ್ ನೀರು ಇನ್ನೊಂದು ಪಾಠ ಕಲಿಸಿತು. ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚು. ಆಮ್ಲ ಹಾಕಿ ಪಿಎಚ್ 6ಕ್ಕೆ ತಂದಿಟ್ಟರೆ, ಗುಳ್ಳೆಗಳು ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟಿ ಮರುದಿನಕ್ಕೆ ಪಿಎಚ್ ಮತ್ತೆ ಏರಿರುತ್ತದೆ. ಈಗ ಹೊಸ ನೀರಿಗೆ ಆಮ್ಲ ಹಾಕಿ, ಗಿಡ ಇಡದೆ ಒಂದು ರಾತ್ರಿ ಪಂಪು ಓಡಿಸಿ, ಬೆಳಿಗ್ಗೆ ಮತ್ತೊಮ್ಮೆ ಅಳೆದು ಸರಿಪಡಿಸಿದ ಮೇಲೆಯೇ ಸಸಿಗಳನ್ನು ಕೂರಿಸುತ್ತೇನೆ.

ಪಂಪು ಎಷ್ಟೇ ದುಡಿದರೂ ನೀರು ಆಯಾ ಬಿಸಿಯಲ್ಲಿ ಹಿಡಿಯಬಹುದಾದ ಮಿತಿಯನ್ನು ದಾಟಿ ಗಾಳಿ ತುಂಬಲಾರದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವಾಗ ನೀರು ತಣ್ಣಗಿಡುವುದೇ ನಿಜವಾದ ಗಾಳಿ ಊಡುವಿಕೆ. ಇದಕ್ಕೆ ಈ ಸೀಮೆಯ ಅಡುಗೆಮನೆಯಲ್ಲೇ ಉಪಾಯವಿದೆ. ಕುಡಿಯುವ ನೀರಿನ ಹರವಿಗೆ ಒದ್ದೆ ಬಟ್ಟೆ ಸುತ್ತುವಂತೆ ಬಕೆಟ್ಟಿಗೆ ಗೋಣಿತಟ್ಟು ಸುತ್ತಿ, ಅದನ್ನು ಹಗಲೆಲ್ಲ ಒದ್ದೆಯಾಗಿಟ್ಟೆ. ಇಲ್ಲಿಯ ಒಣ ಹವೆಗೆ ನೀರು ಬೇಗ ಆವಿಯಾಗಿ ಒಳಗಿನ ಬಿಸಿಯನ್ನು ಚೆನ್ನಾಗಿ ಇಳಿಸುತ್ತದೆ. ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ ಇದೇ ಉಪಾಯ ನಡೆಯಲಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಗೋಣಿ ಒದ್ದೆಯಾಗೇ ಉಳಿಯುತ್ತದೆ, ತಂಪು ಮಾತ್ರ ಆಗುವುದಿಲ್ಲ. ಅವಳು ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಡ್ಡೆಕಟ್ಟಿಸಿ, ಬಾಟಲಿ ಸಮೇತ ತೊಟ್ಟಿಯಲ್ಲಿ ಬಿಡುತ್ತಾಳೆ. ಒಂದು ಲೀಟರ್ ಮಂಜುಗಡ್ಡೆ ಇಪ್ಪತ್ತು ಲೀಟರ್ ನೀರನ್ನು ಲೆಕ್ಕಕ್ಕೆ ನಾಲ್ಕೈದು ಡಿಗ್ರಿ ಇಳಿಸುತ್ತದೆ. ಎರಡೂ ಊರಿಗೆ ಒಪ್ಪುವುದು ಶೇಡ್ ನೆಟ್ ಮತ್ತು ಹೊರಮೈಗೆ ಬಿಳಿ ಬಣ್ಣ. ಬಣ್ಣದ ಕೆಳಗೆ ಒಂದು ಪದರ ಕಪ್ಪು ಬಳಿದಿದ್ದರೆ ಬೆಳಕು ಒಳಗೆ ನುಸುಳುವುದಿಲ್ಲ. ಬೆಳಕು ಹೋದಲ್ಲಿ ಪಾಚಿ. ರಾತ್ರಿಯ ಹೊತ್ತು ಪಾಚಿಯೂ ಬೇರಿನ ಪಾಲಿನ ಆಮ್ಲಜನಕವನ್ನೇ ಉಸಿರಾಡುತ್ತದೆ.

ನೀರು ಬಿಸಿಯಾಗಿ ಗಾಳಿ ಕಡಿಮೆಯಾದಾಗ ಕಾದು ಕೂತಿರುವ ಶತ್ರು ಬೇರು ಕೊಳೆಸುವ ಪೈಥಿಯಂ. ಅದರ ಬೀಜಾಣುಗಳು ನೀರಿನಲ್ಲಿ ಈಜಿ ಬೇರಿಂದ ಬೇರಿಗೆ ಹೋಗುತ್ತವೆ, ಹಾಗಾಗಿ ಒಂದೇ ತೊಟ್ಟಿಯ ನೀರು ಹಂಚಿಕೊಂಡ ಗಿಡಗಳೆಲ್ಲ ಅಪಾಯದಲ್ಲಿರುತ್ತವೆ. ಬೇರು ಕಂದಾಯಿತೆಂದು ಕೂಡಲೇ ಗಾಬರಿಯಾಗಬೇಕಿಲ್ಲ, ಕೆಲವು ಪೋಷಕಗಳು ಬೇರಿಗೆ ಬಣ್ಣ ಹಿಡಿಸುತ್ತವೆ. ಬೆರಳಲ್ಲಿ ಹಿಡಿದು ನೋಡಿ: ಲೋಳೆ ಜಾರಿದರೆ, ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿದರೆ, ಕೊಳೆತ ವಾಸನೆ ಬಂದರೆ ರೋಗ ಖಚಿತ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಎಂದು ಸಲಹೆ ಕೊಡುವವರು ಬಹಳ. ಅದು ಒಡೆದು ನೀರು ಮತ್ತು ಆಮ್ಲಜನಕವಾಗುವುದು ನಿಜ, ಆದರೆ ಅದರ ಪರಿಣಾಮ ಬೇಗ ಮುಗಿಯುತ್ತದೆ. ಪ್ರತಿದಿನದ ಗಾಳಿಗೆ ಅದು ಬದಲಿಯಲ್ಲ. ನಾನು ರೋಗ ಹಿಡಿದ ಗಿಡ ತೆಗೆದು, ನೀರು ಚೆಲ್ಲಿ, ಡಬ್ಬಿ ಮತ್ತು ಕೊಳವೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯುತ್ತೇನೆ.

ಕರೆಂಟಿನ ಮಾತಿಗೆ ಬಂದರೆ, ಏರ್ ಪಂಪು ಎಳೆಯುವುದು ಮೂರರಿಂದ ಐದು ವ್ಯಾಟ್. ಮನೆಯ ಯುಪಿಎಸ್‌ಗೆ ಅದು ಭಾರವೇ ಅಲ್ಲ. ಮಾಳಿಗೆಯ ತನಕ ಯುಪಿಎಸ್ ಲೈನ್ ಎಳೆಸಲು ಎಲೆಕ್ಟ್ರಿಷಿಯನ್ನರಿಗೆ ಕೊಟ್ಟ ಹಣ ಈ ಹವ್ಯಾಸದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು. ಅದಿಲ್ಲದವರು ಕರೆಂಟು ಹೋದಾಗ ಚೊಂಬಿನಲ್ಲಿ ನೀರು ಮೊಗೆದು ಒಂದಡಿ ಮೇಲಿನಿಂದ ಸುರಿಯುತ್ತಿರಬಹುದು. ಬೀಳುವ ನೀರು ಗಾಳಿಯನ್ನು ಚೆನ್ನಾಗಿಯೇ ಎಳೆದೊಯ್ಯುತ್ತದೆ.

ಪಂಪಿನ ತಂಟೆಯೇ ಬೇಡ ಎನ್ನುವವರಿಗೂ ದಾರಿಯಿದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ವಿಧಾನದಲ್ಲಿ ನೀರು ಮೊದಲಿಗೆ ಗಿಡ ಕೂರಿಸಿದ ಜಾಲರಿ ಕುಂಡದ, ಅಂದರೆ ನೆಟ್ ಪಾಟ್‌ನ ತಳಕ್ಕೆ ತಾಗುವಷ್ಟಿರುತ್ತದೆ. ಗಿಡ ಕುಡಿದಂತೆ ಮಟ್ಟ ಇಳಿದು ನಡುವೆ ತೇವದ ಗಾಳಿಯ ಜಾಗ ಉಂಟಾಗುತ್ತದೆ. ಅಲ್ಲಿ ಹೊರಟ ಬೇರುಗಳು ಗಾಳಿಯಿಂದಲೇ ನೇರವಾಗಿ ಉಸಿರಾಡುತ್ತವೆ, ಕೆಳಗಿನವು ನೀರು ತರುತ್ತವೆ. ನೀರು ಕಡಿಮೆಯಾಯಿತೆಂಬ ಕಾಳಜಿಯಿಂದ ಮತ್ತೆ ಕಂಠಮಟ್ಟ ತುಂಬಿದರೆ ಆ ಬೇರುಗಳು ಮುಳುಗಿ ಉಸಿರು ಕಟ್ಟುತ್ತವೆ. ಈ ತತ್ವವನ್ನು ಪಂಪಿರುವ ಬಕೆಟ್ಟಿಗೂ ತಂದೆ: ಬೇರು ಉದ್ದವಾದ ಮೇಲೆ ನೆಟ್ ಪಾಟ್‌ಗೂ ನೀರಿಗೂ ನಡುವೆ ಎರಡು-ಮೂರು ಇಂಚು ಖಾಲಿ ಬಿಡುತ್ತೇನೆ. ಕರೆಂಟು ಕೈಕೊಟ್ಟರೂ ಮೇಲಿನ ಬೇರಿಗೆ ಆಸರೆ ಇರುತ್ತದೆ.

ಲೆಟಿಸ್ಸನ್ನು ನಾನೀಗ ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಮಾತ್ರ ಬೆಳೆಯುತ್ತೇನೆ. ನೀರು ಮಧ್ಯಾಹ್ನ 28 ಡಿಗ್ರಿ ದಾಟತೊಡಗಿದರೆ ಅದೇ ಬಕೆಟ್ಟುಗಳಿಗೆ ಬಸಳೆ ಬರುತ್ತದೆ. ಅದು ಬಿಸಿಲಿಗೆ ಜಗ್ಗದ ಬಳ್ಳಿ. ಪಂಪು ಮಾತ್ರ ಆಗಲೂ ಹಗಲು-ರಾತ್ರಿ ಓಡುತ್ತಿರುತ್ತದೆ. ರಾತ್ರಿಯಲ್ಲೂ ಬೇರು ಉಸಿರಾಡುತ್ತದೆ, ಆದ್ದರಿಂದ ಟೈಮರ್ ಹಾಕಿ ಆರಿಸುವ ಉಳಿತಾಯವನ್ನು ನಾನು ಯಾರಿಗೂ ಹೇಳುವುದಿಲ್ಲ.