ಕೌಂಟರ್ ಫೈಲಿಗೆ 777 ಕೊಡುವ ಮುನ್ನ

ನೋಡು ತಮ್ಮಾ, ಸೈಟಿಗೆ ಬಂದವರನ್ನು ಎಣಿಸುವ ಕೌಂಟರ್ ಅಂದರೆ ಹತ್ತು ಸಾಲಿನ ಪಿಎಚ್‌ಪಿ. ಫೈಲಿನಲ್ಲಿರುವ ಸಂಖ್ಯೆ ಓದು, ಒಂದು ಕೂಡಿಸು, ತಿರುಗಿ ಬರೆ. ಚಿಕ್ಕದೆಂದು ಹಗುರವಾಗಿ ತೆಗೆದುಕೊಳ್ಳಬೇಡ. ಗುರುತು ಪರಿಚಯ ಇಲ್ಲದವರು ಪುಟ ತೆರೆದಾಗಲೆಲ್ಲ ನಿನ್ನ ಸರ್ವರಿನಲ್ಲಿ ಒಂದು ಫೈಲ್ ಬದಲಾಗುತ್ತದೆ.

ಮೊದಲ ಸಲ ಓಡಿಸಿದಾಗ ‘ಪರ್ಮಿಷನ್ ಡಿನೈಡ್’ ಅಂತ ಬಂದೀತು. ಆಗ ಯಾರಾದರೊಬ್ಬರು ‘777 ಕೊಟ್ಟುಬಿಡು, ಸರಿಹೋಗುತ್ತೆ’ ಅನ್ನುತ್ತಾರೆ. ಪರ್ಲ್ ಸಿಜಿಐ ಕಾಲದಿಂದಲೂ ಬಾಯಿಂದ ಬಾಯಿಗೆ ಬಂದ ಸಲಹೆ ಇದು. ದಯವಿಟ್ಟು ಕೇಳಬೇಡ. ಮೊದಲು ಆ ಫೈಲಿಗೆ ಬರೆಯುತ್ತಿರುವವರು ಯಾರು ಅಂತ ಪತ್ತೆಮಾಡು. ಎಫ್‌ಟಿಪಿಯಲ್ಲಿ ಏರಿಸಿದ ಫೈಲಿಗೆ ಒಡೆಯ ನೀನು. ಪಿಎಚ್‌ಪಿ ಓಡುವುದು ಮಾತ್ರ ಬೇರೆ ಹೆಸರಿನಲ್ಲಿ ಇರಬಹುದು. ಉಬುಂಟು, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ಆ ಫೈಲಿನ ಪರ್ಮಿಷನ್ 644 ಆಗಿದ್ದರೆ ಒಡೆಯ ಓದಿ ಬರೆಯಬಹುದು, ಉಳಿದವರು ಬರೀ ಓದಬಹುದು. ಹಾಗಾಗಿ ಸ್ಕ್ರಿಪ್ಟಿಗೆ ಬರೆಯಲು ಬಿಡಲಿಲ್ಲ, ಅಷ್ಟೇ.

ಫೈಲಿನ ಗ್ರೂಪನ್ನು ಪಿಎಚ್‌ಪಿ ಓಡುವ ಆ ಹೆಸರಿಗೆ ಬದಲಿಸಿ 660 ಕೊಡು. ಮೂರು ಅಂಕಿಗಳು ಕ್ರಮವಾಗಿ ಒಡೆಯ, ಗ್ರೂಪ್, ಉಳಿದವರಿಗೆ: ಓದಲು 4, ಬರೆಯಲು 2, ಓಡಿಸಲು 1. ಒಂದು ಅಂಕಿ ಇಟ್ಟುಕೊಂಡ ಫೈಲನ್ನು ಓಡಿಸುವ ಮಾತೇ ಇಲ್ಲ, ಆ 1 ಯಾಕೆ ಬೇಕು? ಎಷ್ಟೋ ಶೇರ್ಡ್ ಹೋಸ್ಟಿಂಗ್‌ಗಳಲ್ಲಿ ಪಿಎಚ್‌ಪಿ ನಿನ್ನ ಹೆಸರಲ್ಲೇ ಓಡುತ್ತದೆ, ಅಲ್ಲಿ 600 ಸಾಕು. ಫೋಲ್ಡರಿಗಂತೂ 777 ಕೊಡಲೇಬೇಡ. ಅದೇ ಸರ್ವರಿನ ಇನ್ನೊಂದು ಖಾತೆಯಲ್ಲಿ ತೂತು ಬಿದ್ದರೂ ನಿನ್ನ ಫೋಲ್ಡರಿಗೆ ಯಾರೋ ಒಂದು ಪಿಎಚ್‌ಪಿ ಫೈಲ್ ತಂದಿಟ್ಟು, ಬ್ರೌಸರಿನಿಂದ ಓಡಿಸಿಬಿಡಬಹುದು. ಸೊನ್ನೆ ಬರೆದ ಫೈಲನ್ನು ನೀನೇ ಮುಂಚೆ ಮಾಡಿಟ್ಟರೆ ಫೋಲ್ಡರಿಗೆ ಬರೆಯುವ ಅನುಮತಿಯೇ ಬೇಡ. ಫೈಲನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನ ಹೊರಗೇ ಇಡು.

ಪರ್ಮಿಷನ್ ಸರಿಮಾಡಿದ ಮೇಲೂ ಒಂದು ದಿನ ಕೌಂಟರ್ ತಾನಾಗಿ 1ಕ್ಕೆ ಬಂದು ನಿಂತರೆ ಗಾಬರಿಯಾಗಬೇಡ, ಆಗುವುದು ಹೀಗೆ. ಫೈಲನ್ನು ‘ಡಬ್ಲ್ಯು’ ಮೋಡಿನಲ್ಲಿ ತೆರೆದ ಕ್ಷಣವೇ ಒಳಗಿದ್ದದ್ದು ಅಳಿಸಿಹೋಗುತ್ತದೆ. ಸಂಖ್ಯೆ 4817 ಇತ್ತು ಅಂದುಕೋ. ಮೊದಲ ಭೇಟಿಯ ಸ್ಕ್ರಿಪ್ಟ್ ಅದನ್ನು ಓದಿ, ಬರೆಯಲು ಫೈಲ್ ತೆರೆಯಿತು. 4818 ಇನ್ನೂ ಬರೆದಿಲ್ಲ. ಅಷ್ಟರಲ್ಲಿ ಎರಡನೆಯವನ ಭೇಟಿ ಬಂತು, ಅದಕ್ಕೆ ಸಿಕ್ಕಿದ್ದು ಖಾಲಿ ಫೈಲ್. ಖಾಲಿಯನ್ನು ಸೊನ್ನೆ ಅಂತ ಹಿಡಿದು, ಒಂದು ಕೂಡಿಸಿ, ಕೊನೆಗೆ 1 ಬರೆಯಿತು. ಇಷ್ಟು ದಿನದ ಲೆಕ್ಕ ಹೋಯಿತು.

ಅದಕ್ಕೇ ‘ಸಿ ಪ್ಲಸ್’ ಮೋಡಿನಲ್ಲಿ ತೆರೆ, ಅದು ಏನನ್ನೂ ಅಳಿಸುವುದಿಲ್ಲ. ತೆರೆದ ಕೂಡಲೇ, ಓದುವುದಕ್ಕೂ ಮೊದಲೇ, ‘ಎಫ್‌ಲಾಕ್’ನಿಂದ ಪೂರ್ತಿ ಬೀಗ ಹಾಕು. ಆಮೇಲೆ ಓದು, ಒಂದು ಕೂಡಿಸು, ಫೈಲಿನ ತಲೆಗೆ ಮರಳಿ ಹಳೆಯದನ್ನು ತೆಗೆದು ಹೊಸದನ್ನು ಬರೆ, ‘ಎಫ್‌ಫ್ಲಶ್’ ಮಾಡಿ ಬೀಗ ಬಿಡು. ಓದಿದ ಮೇಲೆ ಬೀಗ ಹಾಕಿದರೆ ಪ್ರಯೋಜನವಿಲ್ಲ: ಇಬ್ಬರೂ 4817 ಓದಿಕೊಂಡು ಇಬ್ಬರೂ 4818 ಬರೆಯುತ್ತಾರೆ, ಒಂದು ಭೇಟಿ ಕಾಣೆಯಾಗುತ್ತದೆ. ‘ಫೈಲ್ ಪುಟ್ ಕಂಟೆಂಟ್ಸ್’ಗೆ ಲಾಕ್ ಕೊಟ್ಟಿದ್ದೇನೆ ಅಂತ ನೆಮ್ಮದಿಯಾಗಿರುವವರು ಬಹಳ ಜನ, ಆ ಬೀಗ ಬರೆಯುವ ಹೊತ್ತನ್ನಷ್ಟೇ ಕಾಯುತ್ತದೆ, ಅದಕ್ಕೆ ಮುಂಚಿನ ಓದನ್ನಲ್ಲ.

ಫೈಲ್ ತೆರೆಯಲೇ ಆಗದಿದ್ದರೆ ಎಣಿಕೆ ಬಿಟ್ಟುಬಿಡಲಿ, ಪುಟ ಮಾತ್ರ ಕಾಣಲೇಬೇಕು. ದೋಷವನ್ನು ಲಾಗಿಗೆ ಕಳಿಸು. ಸರ್ವರಿನ ಒಳದಾರಿಗಳನ್ನು ಬಂದವರ ಮುಂದೆ ಹರಡಬೇಡ.

ಎಲ್ಲ ಆದಮೇಲೆ ನಿನ್ನದೇ ಕಂಪ್ಯೂಟರಿನಲ್ಲಿ ‘ಅಪಾಚೆ ಬೆಂಚ್’ ಹಾಕಿ, ಒಮ್ಮೆಗೆ 50ರಂತೆ 1000 ಭೇಟಿ ಕಳಿಸು. ಕೌಂಟರ್ ಸರಿಯಾಗಿ 1000 ಏರಿರಬೇಕು. 999 ಬಂದರೂ ಬೀಗದ ಸಾಲುಗಳನ್ನು ಮತ್ತೆ ಮೊದಲಿನಿಂದ ಓದು.